ಕೊಕ್ಕೆಗೊಂದು ಖಾಲಿ ಚೀಲ

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು
ತಕ್ಕಡಿ ರಿಪೇರಿ ಅಂಗಡಿ.
ಮೂವತ್ತೆಂಟು ವರ್ಷ ಊರಿನ ಕಿಲೋಗಳನ್ನು ಸರಿಮಾಡಿದವನು
ಆ ಶುಕ್ರವಾರ ಮಧ್ಯಾಹ್ನ, ನನ್ನದೇ ತಟ್ಟೆಯ ಮೇಲೆ
ಸ್ಟುಡಿಯೋ ಪರಮೇಶಿಯ ಮೂರು ಟ್ರೈಪಾಡುಗಳನ್ನು
ಒಂದಾದ ಮೇಲೊಂದು ಮಲಗಿಸಿದೆ.

ಅಲ್ಯೂಮಿನಿಯಂದು ಎರಡು ಕಿಲೋ ಮುನ್ನೂರು.
ಡಬ್ಬಿಯ ಮೇಲೆ ಬರೆದದ್ದು ಎರಡೇ ಕಿಲೋ.
ತಲೆ ಬಿಟ್ಟು ತೂಗಿದ್ದಾರೆ, ಕಳ್ಳರು.
ಎರಡನೆಯದು ಹಗುರ, ಆದರೆ ಕಾಲಿಗೆ ಐದು ಮಡಿಕೆ,
ಕೊನೆಯ ಮಡಿಕೆ ನನ್ನ ಕಿರುಬೆರಳಿಗಿಂತ ತೆಳ್ಳಗೆ;
ಕೊಕ್ಕರೆಗೆ ಸರಿ, ನನಗಲ್ಲ.
ಮೂರನೆಯದು ಕಾರ್ಬನ್ನಿಂದು,
ಕಪ್ಪಗೆ, ಬಿದಿರಿನ ಹಾಗೆ ಟೊಳ್ಳು.
ಮುಳ್ಳು ಒಂದೂಕಾಲಕ್ಕೆ ಬಂದು ನಿಂತಿತು.
ಬೆಲೆ ಕೇಳಿದ ಮೇಲೆ ಅದೇ ಎಲ್ಲಕ್ಕಿಂತ ಭಾರ.

‘ಬೈನಾಕ್ಯುಲರಿಗೆ ಯಾಕಪ್ಪ ಕಾಲು, ಕೈ ಇಲ್ಲವಾ?’
ಪಕ್ಕದ ಮಳಿಗೆಯ ಕೊಟ್ರಬಸಪ್ಪ.
ಕೈ ಇದೆ. ಅದೇ ತೊಂದರೆ.
ಹೋದ ಚಳಿಗಾಲ ಕೊಂಡಜ್ಜಿ ಕೆರೆಯ ಏರಿಯ ಮೇಲೆ
ಬಾತುಕೋಳಿ ಎಣಿಸುವಾಗ
ನನ್ನ ಲೆಕ್ಕ ನಲವತ್ತು,
ಮೆಹರುನ್ನೀಸಾ ಟೀಚರದ್ದು ಇಪ್ಪತ್ತಾರು.
‘ಹಕ್ಕಿ ಅಲ್ಲ ಅಣ್ಣ, ನೀವು ಅಲ್ಲಾಡ್ತಿದ್ದೀರಿ’ ಅಂದರು
ಮೆತ್ತಗೆ, ಮಗ್ಗಿ ತಪ್ಪಿದ ಹುಡುಗನಿಗೆ ಹೇಳುವ ಹಾಗೆ.
ಊರ ತಕ್ಕಡಿಗಳ ಮುಳ್ಳು ನಿಲ್ಲಿಸಿದವನ
ಮುಳ್ಳೇ ನಿಲ್ಲುತ್ತಿಲ್ಲ ಅಂತ
ಅಂಗಡಿಯಲ್ಲಿ ಕೂತು ಯಾರಿಗೆ ಹೇಳಲಿ.

ಕಾಲು ಆರಿಸುವುದು ಸುಲಭ.
ತಲೆ ಆರಿಸುವುದೇ ಪೇಚು.
ಬಾಲ್ ಹೆಡ್ಡು ಸಡಿಲಿಸಿದರೆ ಕುಡಿದವನ ಕತ್ತು,
ಬೈನಾಕ್ಯುಲರು ಧೊಪ್ಪನೆ ಮುಂದಕ್ಕೆ;
ಬಿಗಿದರೆ ತಾಲೂಕು ಕಚೇರಿಯ ಗುಮಾಸ್ತ,
ಈ ಕಡೆ ತಿರುಗುವುದೇ ಇಲ್ಲ.
ಪರಮೇಶಿ ಒಳಗಿಂದ ಇನ್ನೊಂದು ತಂದ,
ಹೊಟ್ಟೆಯಲ್ಲಿ ಮಂದ ಎಣ್ಣೆ ತುಂಬಿದ್ದು.
‘ಬೆಣ್ಣೆ ಥರ ಹೋಗುತ್ತೆ ನೋಡಿ.’
ಈ ಊರಲ್ಲಿ ನಯವಾದದ್ದಕ್ಕೆಲ್ಲ ಬೆಣ್ಣೆಯೇ ಹೋಲಿಕೆ.
ಬೆಣ್ಣೆ ಹೋಗುತ್ತೆ ಮಾರಾಯ, ನಿಲ್ಲಲ್ಲ.
ಕಣ್ಣು ಮುಚ್ಚಿ ಹಿಡಿಕೆ ತಳ್ಳಿದೆ.
ಹೊರಡುವಾಗ ಜಗ್ಗಲಿಲ್ಲ, ನಿಲ್ಲುವಾಗ ಜಾರಲಿಲ್ಲ.
ಮುಟ್ಟಿದರೆ ಹೊರಳಿತು, ಬಿಟ್ಟರೆ ಬಿಟ್ಟಲ್ಲೇ.
ಒಳ್ಳೆಯ ತಕ್ಕಡಿಯ ದಂಡಿಗೆಗೆ ಇರುವ ಗುಣ ಅದು.
ಚೌಕಾಸಿಗೆ ಬಾಯಿ ಬರಲಿಲ್ಲ.

ಶನಿವಾರ ರಾತ್ರಿ ಹಿತ್ತಾಳೆಯ ತುಂಡೊಂದನ್ನು ಅರಗೊರೆದು
ಎರಡು ಕಣ್ಣಿನ ನಡುಕೀಲಿಗೆ ಸೇರುವ ಪಟ್ಟಿ ನಾನೇ ಮಾಡಿದೆ.

ಭಾನುವಾರ ಜೋಗಿಮಟ್ಟಿ.
ದುರ್ಗದವರೆಗೆ ಬಸ್ಸು, ಆಮೇಲೆ ಟೀಚರ ಸ್ಕೂಟರು.
ಮೇಲೆ ಗಾಳಿ. ದೂರದ ಗುಡ್ಡದ ಗಾಳಿಯಂತ್ರಗಳಿಗೆ
ಕೆಲಸ ಕೊಡುವ ಗಾಳಿ.
ನನ್ನ ಒಂದೂಕಾಲು ಕಿಲೋ ತಂತಿಯ ಹಾಗೆ ಮಿಡಿಯಿತು.
ನಡುಗಂಬ ಇಳಿಸಿದೆ, ಎತ್ತಿದಷ್ಟೂ ಅದಕ್ಕೆ ನಡುಕ.
ಕಾಲು ಅಗಲಿಸಿದೆ. ಕೂತು ನೋಡಿದೆ.
ಇಡೀ ವಾರ ಹಗುರ, ಹಗುರ ಅಂತ ಹುಡುಕಿ
ಈಗ ಗುಡ್ಡದ ಮೇಲೆ ಭಾರಕ್ಕೆ ಹುಡುಕಾಟ.
ಅಂಗಡಿಯಲ್ಲಿ ಬಿದ್ದಿರುವ ಐದು ಕಿಲೋ ಬಟ್ಟು
ಎಂದೂ ಇಷ್ಟು ನೆನಪಾಗಿರಲಿಲ್ಲ.

ಟೀಚರ್ ರೊಟ್ಟಿಯ ಬಟ್ಟೆಚೀಲ ಬರಿದು ಮಾಡಿ
ನಡುಗಂಬದ ಅಡಿಯ ಕೊಕ್ಕೆಗೆ ಸಿಕ್ಕಿಸಿದರು,
ತಳ ನೆಲಕ್ಕೆ ತಾಗುವಷ್ಟು, ಜೋಲಿ ಹೊಡೆಯದ ಹಾಗೆ.
‘ದುರ್ಗದಲ್ಲಿ ಕಲ್ಲಿಗೆ ಬರವಾ ಅಣ್ಣ?’
ಮುಷ್ಟಿಗಾತ್ರದ್ದು ಏಳು.
ಕೈಯಲ್ಲೇ ತೂಗಿ ಹೇಳಿದೆ, ಮೂರು ಕಿಲೋ ನಾನೂರು.
ಅಲ್ಲಿ ಮುದ್ರೆ ಒತ್ತಲು ಯಾರಿದ್ದಾರೆ.

ಬಂಡೆ ಬಂಡೆಯಾಗಿ ನಿಂತಿತು.
ಬಿರುಕಿನಲ್ಲಿ ಹುಟ್ಟಿದ ಗೋಣಿಯ ಟೊಂಗೆಯಲ್ಲಿ
ಹಳದಿ ಕೊರಳಿನ ಪಿಕಳಾರ.
ಗಂಟಲು ಉಬ್ಬಿದ್ದು ಕಂಡಿತು, ಇಳಿದದ್ದು ಕಂಡಿತು,
ಕೊಕ್ಕಿಗಂಟಿದ ಹಣ್ಣಿನ ಸಿಪ್ಪೆಯನ್ನು
ಟೊಂಗೆಗೆ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಒರೆಸಿದ್ದು.
ನಲವತ್ತಲ್ಲ. ಒಂದು.
ಕೈ ತೊಡೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು.
ನಡುಗಲಿ ಅಂದೆ.

ಇಳಿಯುವಾಗ ಕಲ್ಲುಗಳನ್ನು ಎತ್ತಿಕೊಂಡಲ್ಲೇ ಇಟ್ಟೆವು;
ಒಂದರ ಜಾಗದಲ್ಲಿ ಆಗಲೇ ಇರುವೆಗಳ ಸಾಲು ಹಾದಿತ್ತು,
ಅದನ್ನು ಪಕ್ಕಕ್ಕಿಟ್ಟೆವು.
ಸೋಮವಾರ ಟೀಚರ ಚೀಲ ನನ್ನ ಬಳಿಯೇ ಉಳಿದದ್ದು ನೋಡಿ
ಕೊಡುವ ಮೊದಲು ತಟ್ಟೆಗೆ ಹಾಕಿದೆ.
ಅರವತ್ತು ಗ್ರಾಂ,
ಹೊಲಿಗೆಯಲ್ಲಿ ಸಿಕ್ಕಿಕೊಂಡ ದುರ್ಗದ ಪುಡಿಯೂ ಸೇರಿ.