ಹಿಂದೆ ಸರಿಯುವ ದಿಗಂತ

ಇಬ್ರಿಯ ಹೊರಗೆ, ಡಾಂಬರು ದಣಿದು ಮಣ್ಣಾಗುವಲ್ಲಿ
ನಮ್ಮ ಕಂಟೇನರು: ಗೊರಕೆ ಹೊಡೆವ ಎಸಿ, ಮೂರು ಪರದೆ,
ಸಕ್ಕರೆ ಮುಗಿದ ಡಬ್ಬಿ. ಆಚೆ
ಕಣ್ಣು ಹೋದಷ್ಟೂ ನೀಲಿ ಹಲಗೆಗಳು,
ಸೂರ್ಯ ಸರಿದತ್ತ ಕತ್ತು ಹೊರಳಿಸುತ್ತ.

ನನ್ನ ಕೆಲಸ ಇಷ್ಟೇ,
ಐವತ್ತನ್ನು ಐವತ್ತಾಗಿಯೇ ಇಡುವುದು.
ಸೆಕೆಂಡಿಗೆ ಐವತ್ತು ಸಲ ಮಿಡಿಯುವ ತಂತಿ
ತುಸು ಸೋತರೂ
ಎಲ್ಲೋ ಒಂದು ಊರು ಕತ್ತಲಲ್ಲಿ ಪಾತ್ರೆ ತಡಕುತ್ತದೆ.

ವಿಧಾನ ಹೇಳಿದರೆ ನಗುತ್ತೀರಿ.
ಐದೈದು ನಿಮಿಷಕ್ಕೊಮ್ಮೆ ಯಂತ್ರ
ಮುಂದಿನ ನಾಲ್ಕು ಗಂಟೆಯನ್ನು ಪೂರ್ತಿ ಬದುಕಿ ನೋಡುತ್ತದೆ,
ನಲವತ್ತೆಂಟು ಹೆಜ್ಜೆ:
ಬ್ಯಾಟರಿ ಯಾವಾಗ ತುಂಬಬೇಕು, ಯಾವಾಗ ಸುರಿಯಬೇಕು,
ಟರ್ಬೈನನ್ನು ಎಬ್ಬಿಸುವುದೋ, ಮಲಗಲು ಬಿಡುವುದೋ.
ಆಮೇಲೆ ಮೊದಲ ಹೆಜ್ಜೆ ಮಾತ್ರ ಇಟ್ಟು
ಉಳಿದ ನಲವತ್ತೇಳನ್ನೂ ಎಸೆದುಬಿಡುತ್ತದೆ.
ಮತ್ತೆ ನೋಡುತ್ತದೆ. ಮತ್ತೆ ಎಸೆಯುತ್ತದೆ.

ಶಮ್ಸಾಳ ಅಜ್ಜ ಫಲಜ್ ಕಾಲುವೆಯ ನೀರು ಹಂಚುತ್ತಿದ್ದವನು.
ಹಗಲು ಕೋಲಿನ ನೆರಳು, ಇರುಳು ನಕ್ಷತ್ರ,
ಯಾವ ಖರ್ಜೂರದ ತೋಟಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕ.
'ಮೋಡ ಕವಿದರೆ?' ಅಂದೆ.
'ಜಗಳವಾಡುತ್ತಿದ್ದರು' ಅಂದಳು, ಕೋಡಿನಿಂದ ಕಣ್ಣೆತ್ತದೆ.

ರಂಜಾನಿನ ಹದಿಮೂರನೇ ದಿನ, ನಾಲ್ಕೂ ಹತ್ತು.
ಉಪಗ್ರಹ ಹೇಳಿತು: ಶುಭ್ರ.
ಮಾದರಿ ಹೇಳಿತು: ಶುಭ್ರ.
ಫೋನು ಹೊಡೆದುಕೊಂಡಿತು. ಹಲಗೆ ಒರೆಸುವ ವಾಮನ ಸಾಲಿಯಾನ,
'ಗಾಳಿ ತಿರುಗಿತು ಮಾರಾಯ್ರೆ, ನಿಮ್ಮ ಟೀವಿಯಲ್ಲಿ ಬಂತಾ?'

ಬಂದಿರಲಿಲ್ಲ.
ಆದರೂ ಬ್ಯಾಟರಿಯನ್ನು ತಡೆದೆ, ಟರ್ಬೈನಿಗೆ ಎಚ್ಚರ ಹೇಳಿದೆ.
'ಕಾರಣ' ಎಂಬ ಖಾನೆ ಮಿಣುಕುತ್ತಿತ್ತು;
ಖಾಲಿ ಬಿಟ್ಟರೆ ಮುಂದೆ ಹೋಗದು.
ಟೈಪಿಸಿದೆ: ಸಾಲಿಯಾನ.

ಹನ್ನೊಂದು ನಿಮಿಷ.
ಆಮೇಲೆ ದಿಗಂತವೇ ಎದ್ದು ನಡೆದು ಬಂತು, ಕಂದು ಬಣ್ಣದಲ್ಲಿ.
ಹಲಗೆಗಳು ಒಂದೊಂದೇ ಸಾಲು ಕುರುಡಾದವು.
ಪರದೆಯ ಗೆರೆ ಬಾವಿಗೆ ಜಾರಿದ ಕೊಡ.
ನಲವತ್ತೊಂಬತ್ತು ಬಿಂದು ಒಂಬತ್ತು ಮೂರು…
ಅಲ್ಲೇ ನಿಂತಿತು. ಹತ್ತಿತು.

ಸಂಜೆ ಊರಲ್ಲಿ ಬಾಂಗ್ ಆಯಿತು.
ಖರ್ಜೂರ, ಮಜ್ಜಿಗೆ, ಎಣ್ಣೆಯಲ್ಲಿ ಚುರುಗುಟ್ಟುವ ಸಮೋಸ,
ಫ್ಯಾನುಗಳು ತಮ್ಮ ಪಾಡಿಗೆ ತಿರುಗಿದವು.
ಯಾರಿಗೂ ಏನೂ ಗೊತ್ತಾಗಲಿಲ್ಲ.
ನಮಗೆ ಅದೇ ಚಪ್ಪಾಳೆ.

'ಪ್ರಬಂಧದಲ್ಲಿ ಇವನನ್ನು ಹೇಗೆ ಬರೆಯೋಣ?' ಶಮ್ಸಾ ಕೇಳಿದಳು.
ಅಳೆಯಲಾಗದ್ದನ್ನು ಊಹಿಸಿ ಬರೆವಾಗ
ಅಕ್ಷರದ ತಲೆಗೆ ಪುಟ್ಟ ಟೊಪ್ಪಿ ಇಡುವುದು ನಮ್ಮ ರೂಢಿ.
ಸಾಲಿಯಾನನಿಗೆ ಟೊಪ್ಪಿ ಆಗಲೇ ಇದೆ,
ಕಂಪನಿ ಕೊಟ್ಟದ್ದು, ಹಳದಿ, ಬೆವರಿನ ಉಪ್ಪು ಕಟ್ಟಿದ್ದು.

ಹೇಗೆ ತಿಳಿಯಿತೆಂದು ಅವನನ್ನೇ ಕೇಳಿದೆ.
ಮಲ್ಪೆಯ ಬೋಟಿನಲ್ಲಿ ಹದಿನಾರು ವರ್ಷ ಇದ್ದವನು
ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ:
'ಇಲ್ಲಿ ತಣ್ಣಗಾಯ್ತು.'

ಬರುವ ತಿಂಗಳು ಒರೆಸುವ ರೋಬೋಗಳು ಬರುತ್ತವೆ.
ಅವನ ವೀಸಾ ಆಗಲೇ ಮುಗಿಯುವುದು.
ನನ್ನ ಯಂತ್ರಕ್ಕೆ ನಾಲ್ಕು ಗಂಟೆಯಾಚೆ ಕಾಣುವುದಿಲ್ಲ.
ಐದು ನಿಮಿಷವಾಯಿತು; ಅದು ಮತ್ತೆ
ನಲವತ್ತೇಳು ನಾಳೆಗಳನ್ನು ಬುಟ್ಟಿಗೆ ಹಾಕುತ್ತಿದೆ.