ಮುಂದಿನ ಆದೇಶದವರೆಗೆ

ತೀನ್ ಕಂದೀಲಿನಿಂದ ಏಣಿ ತಂದೀನಿ, ಸೈಕಲ್ಲಿಗೆ ಕಟ್ಟಿ.
ಕಾಲುವೆ ಪ್ರಾಧಿಕಾರದ ಬಾಗಿಲ ಮ್ಯಾಲ
ಹಳೇ ಅಧ್ಯಕ್ಷರ ಹೆಸರು ಕೆರೆಯೋ ಕೆಲಸ ಮೊದಲು.
ಒಂದು ಹೆಸರಿನ ಕೆಳಗ ಇನ್ನೊಂದು,
ಅದರ ಕೆಳಗ ನಮ್ಮಪ್ಪ ಬರೆದದ್ದು, ನೀಲಿ.
ನಾಕು ತಿಂಗಳಿದ್ದು ಹೋದವರ ಬಣ್ಣಾನೂ
ನಾಕು ವರ್ಷ ಕುಂತವರಷ್ಟೇ ದಪ್ಪ.

ಜವಾನ ಮೌಲಾಲಿ ಕಾಗದ ತಂದು ಓದಿದ:
ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ
ಎಂ. ಪಂಪನಗೌಡ ಇವರನ್ನು
ಮುಂದಿನ ಆದೇಶದವರೆಗೆ.
ಸಹಿ ಮಾತ್ರ ಯಾರೋ ಅಧೀನ ಕಾರ್ಯದರ್ಶೀದು.
ಹೆಸರು ಒಬ್ಬರದು, ಕೈ ಒಬ್ಬರದು, ಕುರ್ಚಿ ಇನ್ನೊಬ್ಬರಿಗೆ.
"ಸಭೆ ಒಪ್ಪೋತನ ಸೀಮೆಸುಣ್ಣದಾಗ ಬರಿ," ಅಂದ,
"ಒಪ್ಪಿದ ಮ್ಯಾಲ ಬಂಗಾರದ ಬಣ್ಣ."
ಬರದೆ. 'ಪ' ಎರಡು, ನಡುವ ಒಂದು ಸೊನ್ನೆ.
ಎರಡನೇ 'ಪ' ಯಾವತ್ತೂ ನನಗ ಸ್ವಲ್ಪ ಉಬ್ಬತದ.

ಕಿಟಕಿ ತೆರೆದಿತ್ತು. ಒಳಗ ಸದಸ್ಯರು
ಮಿರ್ಚಿ ತಿಂದ ಕಾಗದಕ್ಕ ಕೈ ಒರೆಸಿಗೊಂತಿದ್ರು.
ಈ ನೇಮಕಕ್ಕೆ ಸಭೆಯ ಒಪ್ಪಿಗೆ ಇದೆಯೇ?
ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ.
ಮೇಜು ಕುಟ್ಟಿದರು. ನಾ ಡಬ್ಬಿ ಮುಚ್ಚಳ ಬಿಚ್ಚಾಕ ಹತ್ತಿದೆ.

ಆಗ ಹಿಂದಿನ ಸಾಲಿನಾಗ ಒಂದು ಕುರ್ಚಿ ಕಿರ್ರಂತು.
ಸಿರವಾರ ಕಡೆ ಸದಸ್ಯೆ, ಹನುಮಂತವ್ವ,
ಸೆರಗಿನ ತುದಿ ಬೆರಳಿಗೆ ಸುತ್ತಿಗೊಂತ ಎದ್ದಳು:
"ಸಾಹೇಬ್ರು ಓದಿದವರು, ಬ್ಯಾಡ ಅನ್ನಂಗಿಲ್ಲ.
ಒಂದ ಮಾತು. ಕೊನೇ ತೂಬಿನಾಗ
ಇವತ್ತು ಮುಂಜಾನೆ ಗೇಜು ಎಷ್ಟಿತ್ತು?"

ಫ್ಯಾನು ತಿರುಗಿತು.
ಎಂಜಿನಿಯರು ಗೌಡ್ರ ಕಿವಿಗೆ ಬಗ್ಗಿದ,
ಗೌಡ್ರು ಕೈ ಅಡ್ಡ ಹಿಡಿದು "ಗೊತ್ತಿಲ್ಲವ್ವ" ಅಂದ್ರು.
ಬಾಗಿಲಾಗ ನಿಂತ ಲಷ್ಕರ್ ತಿಪ್ಪಯ್ಯ
"ಸೊನ್ನೆ" ಅಂದ, ತನಗ ತಾನೇ.
ಯಾರೋ ನಕ್ಕರು. ಯಾರೋ, ವಿಷಯ ಅದಲ್ಲ, ಅಂದರು.
ನಡಾವಳಿ ಬರಿಯೋ ಹುಡುಗಿ ಪೆನ್ನು ಎತ್ತಿಗೊಂಡೇ ಕುಂತಳು,
ಆಮ್ಯಾಲ ಬರದಳು, ಏಣಿ ಮ್ಯಾಲಿಂದ ನನಗ ಕಾಣತಿತ್ತು:
ಸರ್ವಾನುಮತದಿಂದ.
ಅಕ್ಷರ ದುಂಡಗ, ನನ್ನವಕ್ಕಿಂತ ಚೆಂದ.

ಹೊರಗ ಬಂದ್ರು. ಹಾರ ಮೌಲಾಲಿ ಕೈಯಾಗ ಕೊಟ್ಟು
ಏಣಿ ಬುಡಕ್ಕ ನಿಂತು ತಮ್ಮ ಹೆಸರು ನೋಡಿದ್ರು,
ತುಟಿ ಅಲುಗಿಸಿ, ಒಂದನೇತ್ತೆ ಹುಡುಗರು ಓದೋ ಹಂಗ.
"ಬಂಗಾರದ್ದು ಈಗ ಬ್ಯಾಡ. ಆ ತೂಬು ಎಲ್ಲದ?"
ಕುಂಚ ಚಾಚಿ ದಿಕ್ಕು ತೋರಿಸಿದೆ.
ಜೀಪು ಆ ಕಡೆನೇ ತಿರುಗಿತು. ಖರೆ,
ಐಬಿಗೆ ಹೋಗೋ ದಾರೀನೂ ಅದ.

ಇವತ್ತಿಗೆ ಒಂಬತ್ತು ದಿನ. ಡಬ್ಬಿ ಒಳಗ ಬಂಗಾರ ಕೆನೆಗಟ್ಟೇದ.
ಶಕ್ತಿನಗರದ ಬೂದಿ ಗಾಳಿ ಹಿಡಿದು ಬರತದ,
ಮೊದಲು ಅಳಿಸೋದು ಹೆಸರಿನಾಗಿನ ಸೊನ್ನೆ.
ದಿನಾ ಅಂಗಡಿ ತೆಗಿಯೋಕಿಂತ ಮುಂಚೆ ಬಂದು
ಏಣಿ ಹತ್ತಿ ಅದನ್ನ ತಿದ್ದತೀನಿ.
"ಇದಕ್ಕ ಕೂಲಿ ಯಾರು ಕೊಡ್ತಾರೋ? ಎಲ್ಲೀತನಾ?"
ಮೌಲಾಲಿ ಕೇಳತಾನ, ಚಾ ಆರಿಸಿಗೊಂತ.
ಕಾಗದ ಅವನ ಕಿಸೆದಾಗೇ ಅದ. ಓದಿಗೊಳ್ಳಲಿ.