ಜನವರಿ ಒಂದರ ಕುಂಬಳಕಾಯಿ

ತಿಪ್ಪೆಯ ಮೇಲೆ ತಾನಾಗಿ ಹಬ್ಬಿದ ಬಳ್ಳಿಯಿಂದ
ಅಜ್ಜಿ ಕುಯ್ದಿಟ್ಟ ಸಿಹಿಗುಂಬಳವನ್ನು
ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು
ಜೆಸುಲಾ ನಮ್ಮ ನಡುಮನೆಗೆ ಬಂದಳು.
ಹೈಟಿಯವಳು. ವಿ.ಸಿ. ಫಾರಂನಲ್ಲಿ ಕಬ್ಬಿನ ಬೇರಿನ ರೋಗ ಓದುತ್ತಾಳೆ,
ಅಲ್ಲೇ ನಾನು ಗಾಜಿನ ಕೊಳವೆ ತೊಳೆಯುತ್ತೇನೆ.
ಕೇರಿಯ ಬಾಯಲ್ಲಿ ಅವಳಾಗಲೇ ಜಯಶೀಲ.

ಹೊರಗೆ ಹುಡುಗರು ನೀಲಿ ಬಾವುಟ ಕಟ್ಟುತ್ತಿದ್ದರು,
ಕೋರೆಗಾಂವಿನ ದಿನ, ಮೈಕಿನವನು ಇನ್ನೂ ಬಂದಿರಲಿಲ್ಲ.
'ನಮಗೂ ಇವತ್ತೇ' ಅಂದಳು, ಚಾಕು ಹುಡುಕುತ್ತ.
ಸಾವಿರದ ಎಂಟುನೂರ ನಾಲ್ಕು, ಜನವರಿ ಒಂದು:
ಕಬ್ಬು ಕಡಿಯುತ್ತಿದ್ದವರು
ಕತ್ತಿಯ ಬಾಯನ್ನು ಬೇರೆ ಕಡೆ ತಿರುಗಿಸಿ
ಇದು ನಮ್ಮ ದೇಶ ಎಂದು ಸಾರಿದ ದಿನ.
ಧಣಿಗಳ ಮನೆಯಲ್ಲಿ ಈ ಸಾರು ಕುದಿಸುತ್ತಿದ್ದವರು ಅವರೇ,
ನಾಲಿಗೆಗೆ ಮುಟ್ಟಿಸುವ ಹಾಗಿರಲಿಲ್ಲ.
ಅದಕ್ಕೇ ವರ್ಷದ ಮೊದಲ ಗುಟುಕು ಇದು.

ಅಜ್ಜಿ ಒಲೆ ಊದುತ್ತ ಕೇಳಿಸಿಕೊಂಡಳು.
ಅವಳ ಹೆಸರು ಕರಿಯಮ್ಮ.
ನನಗೂ ಅದೇ ಇಟ್ಟಿದ್ದರು. ಒಂದನೇ ಕ್ಲಾಸಿನ ಮೇಷ್ಟ್ರು
'ಈ ಕಾಲದಲ್ಲಿ ಇದೆಂಥ ಹೆಸರು' ಎಂದು
ಹಾಜರಿ ಪುಸ್ತಕದಲ್ಲಿ ಶ್ವೇತಾ ಅಂತ ಬರೆದುಕೊಂಡರು.
ಹೇಳಿದಾಗ ಜೆಸುಲಾ ನಕ್ಕಳು,
ಆಮೇಲೆ ನಗಲಿಲ್ಲ.

ಗೆದ್ದ ಮೇಲೂ ಕಪ್ಪ ಕೇಳಿದರಂತೆ ಫ್ರಾನ್ಸಿನವರು,
ಕಳಕೊಂಡ ತೋಟಕ್ಕೆ, ಕಳಕೊಂಡ ಆಳಿಗೆ.
ತಮ್ಮ ಮೈಗೆ ತಾವೇ ಕಂತು ಕಟ್ಟಿದರು
ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ.
ತೀರಿದ್ದು ನಲವತ್ತೇಳರಲ್ಲಿ.
ನಲವತ್ತೇಳು ಅಂದದ್ದೇ ಅಜ್ಜಿ ತಲೆಯೆತ್ತಿದಳು:
'ಆ ವರ್ಸ ನಮ್ಮಪ್ಪ ಜೀತಕ್ಕೆ ಸೇರ್ದ ಕನವ್ವ,
ಮೂವತ್ ರೂಪಾಯ್ಗೆ.'

ಹಾಗಾದರೆ ನಮ್ಮದೂ ನಿಮ್ಮದೂ ಒಂದೇ, ಅಂದೆ ಆತುರದಲ್ಲಿ.
ಒಂದೇ ಅಲ್ಲ, ಅಂದಳು ಜೆಸುಲಾ ಬೀಜ ಬಗೆಯುತ್ತ.
ಪಕ್ಕದ ಗದ್ದೆ. ನಡುವೆ ಬದು ಇದೆ.
ನಮ್ಮನ್ನು ಕಡಲಿಗೆ ಹಾಕಿದರು, ನಿಮ್ಮನ್ನು ಊರಾಚೆ.
ಬದು ಕೀಳಬೇಡ,
ಅದರ ಮೇಲೆ ಕೂತು ಬುತ್ತಿ ಬಿಚ್ಚಬಹುದು.

ಅಷ್ಟರಲ್ಲಿ ಮೈಸೂರಿನ ಬಸ್ಸಿಳಿದು ಮಗ್ದಲೀನಾ,
ಯಲ್ಲಾಪುರದ ಕಡೆಯ ಸಿದ್ದಿ, ಕಾನೂನು ಓದುವವಳು,
'ಪಕ್ಕದ ಸೀಟಿನವ ಯಾವ ದೇಶ ಅಂದ,
ನಿಮ್ಮದೇ ಅಂದೆ, ನಂಬಲೇ ಇಲ್ಲ' ಅನ್ನುತ್ತ
ಚಪ್ಪಲಿ ಬಿಟ್ಟವಳೇ ಸೌಟು ಹಿಡಿದಳು.
ಮಣ್ಣು ಕಪ್ಪೆಂದು ನಾಡಿಗೆ ಕರುನಾಡು ಅನ್ನುವ ಜನ
ಮುಖ ಕಪ್ಪಾದರೆ ಪಾಸ್‌ಪೋರ್ಟು ಕೇಳುತ್ತಾರೆ.

ಉಪ್ಪಿನ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ
ಒಬ್ಬೊಬ್ಬರೇ ಬೆಳಗಿದರು: ಡಕಾರಿನ ಮೀನು ಮಾರುವವಳು,
ಬ್ರೆಜಿಲ್ಲಿನ ಒಬ್ಬ ಮೇಷ್ಟ್ರು,
ಎಲ್ಲೋ ರಾತ್ರಿಪಾಳಿ ಮುಗಿಸಿದ ನರ್ಸು.
ಮೊದಲು ಸತ್ತವರ ಹೆಸರು ಕರೆದರು,
ಹೆಸರು ಸಿಗದವರಿಗೆ ನೆಲಕ್ಕೊಂದು ತೊಟ್ಟು ಸಾರು
(ಸಗಣಿ ಸಾರಿಸಿದ್ದೆ, ಅಜ್ಜಿ ಏನೂ ಅನ್ನಲಿಲ್ಲ).
ಆಮೇಲೆ ಲೆಕ್ಕಾಚಾರ. ಜೆಸುಲಾ ಅರ್ಧರ್ಧ ತಿಳಿಸಿದಳು:
ಎಲ್ಲರ ಬೀಜಕ್ಕೊಂದು ಕಣಜ, ಮಕ್ಕಳು ಓದಲೊಂದು ಚರಿತ್ರೆ,
ಒಂದು ಹಡಗು ಕೂಡ.
'ಈ ಸಲ ಟಿಕೆಟ್ ತಗೊಂಡು ಹತ್ತೋಣ,
ಕಿಟಕಿ ಪಕ್ಕದ ಸೀಟು ಕೇಳೋಣ' ಅಂದನಂತೆ ಮೇಷ್ಟ್ರು.

ನಮ್ಮಲ್ಲಿ ಕಬ್ಬನ್ನು ಯಾರೂ ಕಾಳಿನಿಂದ ಬೆಳೆಯುವುದಿಲ್ಲ.
ತುಂಡು ಮಾಡಿ ಹೂಳುತ್ತಾರೆ.
ಗಿಣ್ಣಿಗೊಂದು ಕಣ್ಣಿರುತ್ತದೆ.
ಕಡಿದವನಿಗೆ ಅದು ಗೊತ್ತಿದ್ದರೆ ಕಡಿಯುತ್ತಿದ್ದನೋ ಏನೋ.

ಅಜ್ಜಿ ಕುಂಬಳದ ಬೀಜ ಬೂದಿಯಲ್ಲಿ ಹೊರಳಿಸಿ
ಮೊರದ ಮೇಲೆ ಪಾಲು ಹಾಕಿದಳು:
ಜಯಶೀಲನ ಊರಿಗೆ ಏಳು, ಮೀನಿನವಳಿಗೆ ಐದು,
ಮಗ್ದಲಿಗೆ ಒಂದು ಹಿಡಿ, ಬಡಕಲಾಗಿದ್ದಾಳೆ ಅಂತ.
ವಿಮಾನದಲ್ಲಿ ಬೀಜ ಬಿಡಲ್ಲ ಅಜ್ಜಿ, ಅಂದೆ.
'ತಲೆಗೂದ್ಲೊಳ್ಗೆ ಮಡಿಕಂಡ್ ಹೋಗ್ಲಿ.'
ಜೆಸುಲಾಳ ಕೈ ತನ್ನ ಜಡೆಗೆ ಹೋಗಿ
ಅಲ್ಲೇ ನಿಂತಿತು.
ಹಿಂದೆ ಹಾಗೇ ದಾಟಿಸಿದ್ದರಂತೆ, ಅವಳಜ್ಜಿಯ ಅಜ್ಜಿಯರು.
ನಮ್ಮಜ್ಜಿಗೆ ಇದನ್ನು ಯಾರು ಹೇಳಿದರು?

ಹೊರಗೆ ಮೈಕು ಕೀಚ್ ಅಂತು.
ಅಜ್ಜಿ ಫೋನಿಗೆ ಬಗ್ಗಿ, ನಾಲೆಯಾಚೆಗೆ ಕೂಗುವವಳಂತೆ ಕೂಗಿದಳು:
'ಬೀಜ ಏನೋ ಸರಿ ಕನ್ರಪ್ಪ,
ನೀರ್ ಬುಡೋರ್ ಯಾರು?'
ಚಿತ್ರ ನಿಂತುಹೋಗಿತ್ತು,
ಮೂರು ಬಾಯಿ ಅರ್ಧ ತೆರೆದು.